ಡೇರೆಯ ಮೇಲಿನ ತೆರಿಗೆ ಮತ್ತು ಮಿತ ವೇತನದ ಸಂಸಾರ

ವಿಹಾರವೆಂಬುದು ಸಿರಿವಂತರ ಸೊತ್ತೆಂದು ನಾವು ಒಪ್ಪಲಾರೆವು. ವರ್ಷವಿಡೀ ಮುಂಬಯಿಯ ಒಂದೇ ಕೋಣೆಯಲ್ಲಿ ಬಾಳುವ ಉಪಾಹಾರಗೃಹದ ಕಾರ್ಮಿಕನೂ ಕಚೇರಿಯ ಗುಮಾಸ್ತನೂ ಮಡದಿ ಮಕ್ಕಳೊಡನೆ ಒಂದೆರಡು ರಾತ್ರಿ ಪವನಾ ಜಲಾಶಯದ ದಡದಲ್ಲೋ ಭಂಡಾರದರೆಯಲ್ಲೋ ಡೇರೆ ಹೂಡಿ ಕಳೆಯಲು ಬಯಸಿದರೆ ಅದು ದುರಾಸೆಯಲ್ಲ. ಆದರೆ ಡೇರೆಯ ಅಂಗಡಿಯಲ್ಲಿ ಅವರಿಗೆ ಮೊದಲು ಎದುರಾಗುವುದು ತೆರಿಗೆಯ ಗೆರೆ.

ಡೇರೆಯು ಸರಕು ಮತ್ತು ಸೇವಾ ತೆರಿಗೆಯ ಪಟ್ಟಿಯಲ್ಲಿ ಸಿದ್ಧ ಜವಳಿ ಸಾಮಗ್ರಿಗಳ ವರ್ಗಕ್ಕೆ ಸೇರಿದೆ. 2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ಪರಿಷ್ಕರಣದಂತೆ, ನಗವೊಂದಕ್ಕೆ 2,500 ರೂ. ಮೀರದಿದ್ದರೆ ಶೇಕಡಾ 5, ಮೀರಿದರೆ ಶೇಕಡಾ 18 ತೆರಿಗೆ. ಅದಕ್ಕೆ ಮೊದಲು 1,000 ರೂ. ಮೀರಿದ ಸರಕಿಗೆ ಶೇಕಡಾ 12 ಇದ್ದಿತು. ಈಗ 2,500 ರೂ. ಬೆಲೆಯ ಡೇರೆಗೆ ಒಟ್ಟು 2,625 ರೂ. ತೆತ್ತರೆ ಸಾಕು, 2,600 ರೂ. ಬೆಲೆಯದಕ್ಕೆ 3,068 ರೂ. ತೆರಬೇಕು. ಬೆಲೆಯ ನೂರು ರೂಪಾಯಿ ಅಂತರ ಕೈಯಿಂದ ಹೋಗುವಾಗ 443 ರೂಪಾಯಿಯಾಗುತ್ತದೆ.

ಅಗ್ಗದ ಸರಕಿಗೆ ರಿಯಾಯಿತಿ ದೊರೆತುದು ಸ್ವಾಗತಾರ್ಹವೇ. ಆದರೆ ಸಿದ್ಧ ಉಡುಪಿಗೂ ಡೇರೆಗೂ ಒಂದೇ ಗೆರೆಯನ್ನೆಳೆದುದು ಸರಿಯೆ? ಅಂಗಿ ಒಬ್ಬನ ಮೈಗೆ. ಡೇರೆ ನಾಲ್ವರ ತಲೆಯ ಮೇಲೆ. ಒಬ್ಬಂಟಿಯ ಪುಟ್ಟ ಡೇರೆ ಗೆರೆಯ ಕೆಳಗುಳಿದು, ಸಂಸಾರವಂದಿಗನ ಡೇರೆ ಗೆರೆ ದಾಟುವುದು ನ್ಯಾಯವೆನಿಸದು. ತೆರಿಗೆ ಮಂಡಳಿಯು ಈ ವ್ಯತ್ಯಾಸವನ್ನು ಗಮನಿಸತಕ್ಕದ್ದು.

ಅಲ್ಲಿಯವರೆಗೆ, ತೆರಿಗೆ ಉಳಿಸಲೆಂದು ಸಾಲದ ಡೇರೆಯನ್ನು ಕೊಳ್ಳಬಾರದೆಂಬುದೇ ನಮ್ಮ ಹಿತವಚನ. ನಾಲ್ವರಿಗೆಂದು ಬರೆದ ಡೇರೆಯಲ್ಲಿ ನಾಲ್ವರು ಭುಜಕ್ಕೆ ಭುಜ ತಾಗಿ ಮಲಗಬಹುದಷ್ಟೆ, ಗಂಟುಮೂಟೆಗೆ ಎಡೆಯಿರದು. ಮಕ್ಕಳು ಚಿಕ್ಕವರಾದರೆ ಅದೇ ಸಾಕು. ಬೆಳೆದವರಾದರೆ ಒಂದಂಕಿ ಹೆಚ್ಚಿನದನ್ನು ನೋಡಬೇಕು. ಒಂದೇ ಪದರದ ಡೇರೆ ಅಗ್ಗವಾದರೂ, ಮಲಗಿದವರ ಉಸಿರಿನ ಆವಿ ಅದರ ಒಳಮೈಯಲ್ಲಿ ನೀರಾಗಿ ಬೆಳಗಾಗುವುದರೊಳಗೆ ಹಾಸಿಗೆಯನ್ನು ತೋಯಿಸುತ್ತದೆ. ಒಳಗೆ ಬಲೆಯ ಬಟ್ಟೆ, ಮೇಲೆ ನೆಲದವರೆಗೆ ಇಳಿಯುವ ಮಳೆಹೊದಿಕೆ, ಹೀಗೆ ಎರಡು ಪದರವಿರುವುದೇ ಮೇಲು. ಅಲ್ಯೂಮಿನಿಯಂ ಕೋಲು ಹಗುರ, ಬೆಲೆ ಅಧಿಕ. ಫೈಬರ್ ಕೋಲು ಭಾರ, ಬೆಲೆ ಕಡಿಮೆ. ಬೆಟ್ಟವೇರದೆ ಬಸ್ಸಿನಲ್ಲಿ ಹೋಗಿಬರುವವರಿಗೆ ಎರಡನೆಯದೇ ಸಾಕು.

ಉಳಿದ ಸಾಮಾನಿನಲ್ಲಿ ಬಹುಪಾಲು ಮನೆಯಲ್ಲೇ ಇದೆ. ಚಳಿ ಏರುವುದು ನೆಲದಿಂದ. ಆದುದರಿಂದ ಚಾಪೆಯ ಮೇಲೆ ಊರಿನಿಂದ ತಂದ ಕಂಬಳಿ ಹಾಸಿದರೆ ಬೇರೆ ಮಲಗುಚೀಲ ಬೇಡ. ಪಾತ್ರೆಗಳ ವಿಷಯದಲ್ಲಿ ನಮ್ಮ ಹೋಟೆಲು ಬಂಧುಗಳಿಗೆ ಯಾರು ಹೇಳಿಕೊಡಬೇಕು? ಒಂದು ಎಚ್ಚರಿಕೆ ಮಾತ್ರ ಅಗತ್ಯ: ಒಲೆಯನ್ನಾಗಲಿ ಕೆಂಡವನ್ನಾಗಲಿ ಡೇರೆಯೊಳಗೆ ತರಲೇಬಾರದು. ಅದರಿಂದೇಳುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ. ನಿದ್ರೆಯಲ್ಲಿದ್ದವರ ಪ್ರಾಣವನ್ನೇ ಅದು ತೆಗೆಯಬಲ್ಲುದು.

ಹೊರಡುವ ಮುನ್ನ ಕಟ್ಟಡದ ಮಾಳಿಗೆಯಲ್ಲಿ ಡೇರೆಯನ್ನೊಮ್ಮೆ ನಿಲ್ಲಿಸಿ, ಎರಡು ಬಕೆಟ್ಟು ನೀರು ಸುರಿದು ನೋಡಬೇಕು. ಸೋರಿದರೆ ಅಂಗಡಿಗೆ ಮರಳಿಸಲು ಆಗಿನ್ನೂ ಅವಕಾಶವಿರುತ್ತದೆ. ತಂದ ಮೇಲೆ ಒಣಗಿಸದೆ ಮಡಿಸಿಟ್ಟರೆ ಬೂಷ್ಟು ಹಿಡಿಯುವುದು ಖಂಡಿತ. ಮಳೆಗಾಲದಲ್ಲಿ ಮಕ್ಕಳೊಡನೆ ನೀರಿನಂಚಿಗೆ ಹೋಗದಿರುವುದೇ ಜಾಣತನ. 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಬಳಿ ಒಂದೇ ಕುಟುಂಬದ ಐವರು ಕೊಚ್ಚಿಹೋದುದನ್ನು ಮರೆಯುವಂತಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಪ್ರಶಸ್ತ.

3,068 ರೂ. ಒಬ್ಬ ಗುಮಾಸ್ತನಿಗೆ ಸಣ್ಣ ಮೊತ್ತವಲ್ಲ. ವರ್ಷಕ್ಕೆ ಎರಡು ರಾತ್ರಿಯಂತೆ ಐದು ವರ್ಷ ಬಳಸಿದರೂ ರಾತ್ರಿಗೆ 307 ರೂ. ಬೀಳುತ್ತದೆ. ನಾಲ್ಕು ಮನೆಯವರು ಸೇರಿ ಕೊಂಡರೆ ಒಬ್ಬೊಬ್ಬರ ಪಾಲು 767 ರೂ. ಮಾತ್ರ. ಹೋಟೆಲಿನವರಿಗೆ ರಜೆ ಸಿಗುವುದು ವಾರದ ನಡುವೆ, ಕಚೇರಿಯವರಿಗೆ ಭಾನುವಾರ; ಹೀಗಿರಲು ಒಂದೇ ಡೇರೆ ಸರದಿಯಂತೆ ಎಲ್ಲರಿಗೂ ಒದಗಬಲ್ಲುದು. ಚೀಟಿ ಕಟ್ಟಿ ಮದುವೆ ಮುಂಜಿಗಳನ್ನು ನಡೆಸಿಬಂದ ನಮ್ಮ ಜನರಿಗೆ ಕೂಡಿ ಕೊಳ್ಳುವ ಈ ವಿದ್ಯೆ ಹೊಸತಲ್ಲ. ತೆರಿಗೆಯ ಗೆರೆ ಬದಲಾಗಲು ದಿನ ಹಿಡಿದೀತು. ಮಕ್ಕಳ ಬಾಲ್ಯ ಅಷ್ಟು ಕಾಲ ಕಾಯದು.