ಏಸಿಯ ಗ್ಯಾಸು ಖರ್ಚಾಗುವ ವಸ್ತುವಲ್ಲ



ಏಪ್ರಿಲ್ ಬಂತೆಂದರೆ ನಮ್ಮ ಊರುಗಳ ಗ್ಯಾರೇಜುಗಳಲ್ಲೆಲ್ಲ ಒಂದೇ ಮಾತು. ಮುಂಬಯಿ, ದಿಲ್ಲಿಗಳಲ್ಲಿ ‘ಗ್ಯಾಸ್ ಖತಮ್’. ಚೆನ್ನೈ, ಹೈದರಾಬಾದುಗಳಲ್ಲಿ ‘ಗ್ಯಾಸ್ ಕಮ್ಮಿ’. ಅಪ್ಪ ಓಡಿಸುತ್ತಿದ್ದ ಹಳೆಯ ಮಾರುತಿಯೋ ಸ್ಯಾಂಟ್ರೋವೋ ಈಗ ನಿಮ್ಮ ಕೈಗೆ ಬಂದಿದ್ದರೆ ಈ ಮಾತು ನಿಮ್ಮ ಕಿವಿಗೂ ಬಿದ್ದಿರಬೇಕು. ಹಣ ಕೊಡುತ್ತೀರಿ, ಗ್ಯಾಸು ತುಂಬಿಸುತ್ತೀರಿ, ಕಾರು ತಂಪಾಗುತ್ತದೆ. ಮುಂದಿನ ಬೇಸಿಗೆಗೆ ಮತ್ತೆ ಅದೇ ಕಥೆ.

ಈ ಸಲ ಒಂದು ವಿಷಯ ನೆನಪಿಟ್ಟುಕೊಳ್ಳಿ. ಏಸಿಯ ಗ್ಯಾಸು ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಅದು ಮುಚ್ಚಿದ ಪೈಪುಗಳೊಳಗೆ ಸುತ್ತುತ್ತಲೇ ಇರುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲ್‌ನಲ್ಲಿ ದ್ರವ ಆವಿಯಾಗುವಾಗ ಕಾರಿನೊಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಅಂಗೈಗೆ ಸ್ಪಿರಿಟ್ ಸವರಿದಾಗ ತಣ್ಣಗಾಗುವುದೂ ಇದೇ ಕಾರಣಕ್ಕೆ. ಆ ಆವಿಯನ್ನು ಕಂಪ್ರೆಸರ್ ಒತ್ತಿ, ರೇಡಿಯೇಟರಿನ ಮುಂದಿರುವ ಕಂಡೆನ್ಸರಿಗೆ ಕಳಿಸುತ್ತದೆ. ಅಲ್ಲಿ ಅದು ಶಾಖವನ್ನು ಹೊರಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ಹಳೆಯ ರಬ್ಬರ್ ಪೈಪುಗಳಿಂದ ವರ್ಷಗಳ ಮೇಲೆ ಸ್ವಲ್ಪ ಗ್ಯಾಸು ನುಸುಳುವುದುಂಟು. ಆದರೆ ಒಂದೇ ವರ್ಷದಲ್ಲಿ ಖಾಲಿಯಾಯಿತೆಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಹಾಗೆಂದು ತಂಪಾಗದ ಏಸಿಗೆಲ್ಲ ಗ್ಯಾಸೇ ಕಾರಣವೆಂದೂ ತಿಳಿಯಬೇಡಿ. ಗ್ಯಾರೇಜಿಗೆ ಹೋಗುವ ಮುನ್ನ ಹತ್ತು ನಿಮಿಷ ನೀವೇ ನೋಡಿ.

ಮೊದಲು ಗಾಳಿ. ಬ್ಲೋವರ್ ಕೊನೆಯ ಸ್ಪೀಡಿನಲ್ಲಿ ಮಾತ್ರ ತಿರುಗಿ, ಉಳಿದವುಗಳಲ್ಲಿ ಸುಮ್ಮನಿದ್ದರೆ ಸಾಮಾನ್ಯವಾಗಿ ಅದರ ರೆಸಿಸ್ಟರ್ ಕೆಟ್ಟಿರುತ್ತದೆ. ಅದು ಚಿಕ್ಕ ಖರ್ಚಿನ ಕೆಲಸ. ಸದ್ದು ಜೋರಾಗಿದ್ದು ಗಾಳಿ ಕಡಿಮೆಯಿದ್ದರೆ ಫಿಲ್ಟರಿಗೋ ಕಾಯಿಲ್ಲಿಗೋ ಧೂಳು ಮೆತ್ತಿಕೊಂಡಿರಬಹುದು. ಶಾಖದ ಗುಂಡಿ ಪೂರ್ತಿ ನೀಲಿ ಕಡೆಗೆ ಇದೆಯೇ ಎಂದೂ ನೋಡಿ. ಹಳೆಯ ಕಾರುಗಳಲ್ಲಿ ಅದರ ಕೇಬಲ್ ಜಾರಿ, ಹೀಟರಿನ ಬಿಸಿಯೂ ಏಸಿಯ ತಂಪೂ ಒಟ್ಟಿಗೆ ಬರುವುದುಂಟು.

ಎರಡನೆಯದು ಸದ್ದು. ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿ, ಇನ್ನೊಬ್ಬರಿಗೆ ಏಸಿ ಗುಂಡಿ ಒತ್ತಲು ಹೇಳಿ. ದುಪಟ್ಟಾ, ಸಡಿಲ ತೋಳು ಬೆಲ್ಟಿನಿಂದ ದೂರವಿರಲಿ. ‘ಟಕ್’ ಎಂಬ ಸದ್ದಿನೊಡನೆ ಕಂಪ್ರೆಸರಿನ ಮುಂದಿನ ತಟ್ಟೆ ತಿರುಗತೊಡಗಬೇಕು. ತಿರುಗದಿದ್ದರೆ ಫ್ಯೂಸು, ರಿಲೇ, ವೈರು ನೋಡಿಸಿ. ಗ್ಯಾಸು ತೀರಾ ಕಡಿಮೆಯಾದಾಗ ಕಂಪ್ರೆಸರನ್ನು ತಡೆಯಲು ಒಂದು ಪ್ರೆಶರ್ ಸ್ವಿಚ್ ಕೂಡ ಇರುತ್ತದೆ.

ಮೂರನೆಯದು, ಯಾವಾಗ ತಂಪು, ಯಾವಾಗ ಇಲ್ಲ ಎಂಬುದು. ಹೈವೇಯಲ್ಲಿ ತಣ್ಣಗಿದ್ದು ಸಿಗ್ನಲ್ಲಿನಲ್ಲಿ ನಿಂತಾಗ ಬೆಚ್ಚಗಾದರೆ ಕಂಡೆನ್ಸರಿನ ಫ್ಯಾನ್ ತಿರುಗುತ್ತಿಲ್ಲವೋ ಅಥವಾ ಅದರ ಜಾಲರಿಯಲ್ಲಿ ಕಸ ಕೂತಿದೆಯೋ ನೋಡಿ. ಕಸವಾದರೆ ಎಂಜಿನ್ ಆರಿದ ಮೇಲೆ ಮೆಲ್ಲಗೆ ನೀರು ಬಿಟ್ಟು ತೊಳೆದರೆ ಸಾಕು. ಮೊದಲು ತಂಪಾಗಿದ್ದು, ಅರ್ಧ ಗಂಟೆಯ ಮೇಲೆ ಗಾಳಿಯೇ ಕುಗ್ಗಿ, ಏಸಿ ನಿಲ್ಲಿಸಿ ಸ್ವಲ್ಪ ಹೊತ್ತಿನ ಮೇಲೆ ಸರಿಹೋದರೆ ಕಾಯಿಲ್‌ನಲ್ಲಿ ಮಂಜು ಕಟ್ಟುತ್ತಿದೆ. ಅದಕ್ಕೆ ಥರ್ಮೋಸ್ಟಾಟ್ ನೋಡಿಸಬೇಕು. ಕಾರಿನ ಕೆಳಗೆ ನೀರು ತೊಟ್ಟಿಕ್ಕುವುದು ರೋಗವಲ್ಲ, ಆರೋಗ್ಯ. ನೀರು ಒಳಗೆ, ಎಡಸೀಟಿನವರ ಕಾಲಬಳಿ ಬಂದರೆ ಮಾತ್ರ ಅದು ಹೊರಹೋಗುವ ಕೊಳವೆ ಕಟ್ಟಿಕೊಂಡಿದೆ ಎಂದು ತಿಳಿಯಿರಿ.

ಇವೆಲ್ಲ ಸರಿಯಿದ್ದೂ ತಂಪಿಲ್ಲದಿದ್ದರೆ ಆಗ ಗ್ಯಾಸಿನ ಮಾತು. ಪೈಪಿನ ಜಾಯಿಂಟುಗಳನ್ನು ದಿಟ್ಟಿಸಿ ನೋಡಿ. ಎಣ್ಣೆಯ ಕಲೆಗೆ ಧೂಳು ಅಂಟಿ ಕಪ್ಪಾಗಿರುವ ಕಡೆ ಸೋರಿಕೆಯಿರುವ ಸಂಭವ ಹೆಚ್ಚು. ಏಕೆಂದರೆ ಗ್ಯಾಸಿನ ಜೊತೆಗೇ ಕಂಪ್ರೆಸರಿನ ಎಣ್ಣೆಯೂ ಸುತ್ತುತ್ತದೆ, ಸೋರುವಾಗ ಅದೂ ಹೊರಬರುತ್ತದೆ. ಸೋರಿಕೆ ಮುಚ್ಚದೆ ವರ್ಷವರ್ಷವೂ ಗ್ಯಾಸು ತುಂಬಿಸುತ್ತ ಹೋದರೆ ಒಂದು ದಿನ ಎಣ್ಣೆಯಿಲ್ಲದೆ ಕಂಪ್ರೆಸರೇ ಹಿಡಿದುಕೊಳ್ಳುತ್ತದೆ. ಚಿಕ್ಕ ರಬ್ಬರ್ ರಿಂಗಿನಲ್ಲಿ ಮುಗಿಯುವ ಕೆಲಸ ಆಗ ದೊಡ್ಡ ಬಿಲ್ಲಾಗುತ್ತದೆ.

ಆದ್ದರಿಂದ ಮೆಕ್ಯಾನಿಕ್ಕಿಗೆ, ಅವರ ಭಾಷೆಯಲ್ಲೇ, ಮರ್ಯಾದೆಯಿಂದ ನಾಲ್ಕು ಮಾತು ಕೇಳಿ. ಸೋರಿಕೆ ಎಲ್ಲಿದೆ, ತೋರಿಸುತ್ತೀರಾ? ಗ್ಯಾಸು ತುಂಬುವ ಮುನ್ನ ವ್ಯಾಕ್ಯೂಮ್ ಪಂಪ್ ಹಾಕಿ ಒಳಗಿನ ಗಾಳಿ, ತೇವ ತೆಗೆಯುತ್ತೀರಾ? ಪೈಪು ಬಿಚ್ಚಿದರೆ ಡ್ರೈಯರ್ ಹೊಸದು ಹಾಕುತ್ತೀರಾ? ಗ್ಯಾಸನ್ನು ತೂಕ ಮಾಡಿ ತುಂಬುತ್ತೀರಾ? ಎಷ್ಟು ಗ್ರಾಂ, ಯಾವ ಗ್ಯಾಸು ಎಂಬುದು ಬಹುತೇಕ ಕಾರುಗಳ ಬಾನೆಟ್ಟಿನಡಿಯ ಚೀಟಿಯಲ್ಲೋ ಕಾರಿನ ಪುಸ್ತಕದಲ್ಲೋ ಇರುತ್ತದೆ. ಹೆಚ್ಚು ತುಂಬಿದರೂ ತಂಪು ಕಡಿಮೆಯೇ.

ಯಾವ ಗ್ಯಾಸು ಎಂಬುದೂ ಮುಖ್ಯ. ತೀರ ಹಳೆಯ ಕಾರುಗಳಲ್ಲಿ ಆರ್-12 ಇತ್ತು. ಅದು ಓಝೋನ್ ಪದರವನ್ನು ತಿನ್ನುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ಬಳಿಕ ಹಂತಹಂತವಾಗಿ ನಿಂತು, ಆರ್-134ಎ ಬಂತು. ಇದು ಓಝೋನಿಗೆ ಕೇಡು ಮಾಡದು. ಆದರೆ ಭೂಮಿಯನ್ನು ಬಿಸಿಮಾಡುವುದರಲ್ಲಿ ಇದರ 1 ಕಿಲೋ ಸುಮಾರು 1,400 ಕಿಲೋ ಇಂಗಾಲದ ಡೈ ಆಕ್ಸೈಡಿಗೆ ಸಮ. ಪ್ರತಿ ಬೇಸಿಗೆಯಲ್ಲಿ ಸೋರಿಹೋಗುವುದು ನಿಮ್ಮ ದುಡ್ಡು ಮಾತ್ರವಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಅಗ್ಗವೆಂದು ಅಡುಗೆ ಗ್ಯಾಸಿನ ಜಾತಿಯ ಗ್ಯಾಸು ತುಂಬಲು ಯಾರಾದರೂ ಹೇಳಿದರೆ ಒಪ್ಪಬೇಡಿ, ಅದು ಹೊತ್ತಿಕೊಳ್ಳುತ್ತದೆ. ಪೈಪುಗಳನ್ನು ನೀವೇ ಬಿಚ್ಚಲೂ ಹೋಗಬೇಡಿ. ಆರ್-134ಎ ತೆರೆದ ಗಾಳಿಯಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಕಣ್ಣಿಗೆ, ಚರ್ಮಕ್ಕೆ ತಗುಲಿದರೆ ಅಪಾಯ.

ಸರಿಯಾದ ಮೇಲೆ ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಏಸಿ ಓಡಿಸಿ. ಎಣ್ಣೆ ಸುತ್ತುತ್ತಿದ್ದರೆ ಕಂಪ್ರೆಸರಿನ ಸೀಲು ಒಣಗುವುದಿಲ್ಲ.

ಬರುವ ಭಾನುವಾರ ಬಾನೆಟ್ ಎತ್ತುವಾಗ ಅಪ್ಪನನ್ನೂ ಪಕ್ಕಕ್ಕೆ ಕರೆದುಕೊಳ್ಳಿ. ಹಿಂದೆ ಯಾವ ಯಾವ ವರ್ಷ ಗ್ಯಾಸು ತುಂಬಿಸಿದ್ದು ಎಂಬ ಲೆಕ್ಕ ಅವರಲ್ಲಿದ್ದರೆ, ಸೋರಿಕೆಗೆ ಎಷ್ಟು ವಯಸ್ಸಾಯಿತೆಂದು ತಿಳಿಯುತ್ತದೆ.