ಹ್ಯಾಂಡಲ್ ಬದಲಿಸುವುದು ಶೋಕಿಯಲ್ಲ

ಚೆನ್ನೈನಿಂದ ಮೈಸೂರಿಗೆ ಹೆಚ್ಚುಕಡಿಮೆ 480 ಕಿ.ಮೀ. ತಿಂಗಳಿಗೊಮ್ಮೆಯಾದರೂ ಬೈಕಿನಲ್ಲಿ ಹೋಗಿಬರುತ್ತೇನೆ. ಅಲ್ಲಿ ಅಪ್ಪ ಒಬ್ಬರೇ ಇದ್ದಾರೆ. ರೈಲಿದೆಯಲ್ಲ, 2022ರಿಂದ ವಂದೇ ಭಾರತ್ ಕೂಡ ಇದೆಯಲ್ಲ ಎಂದು ನೀವು ಕೇಳಬಹುದು. ಮನೆಯವಳೂ ಅದನ್ನೇ ಕೇಳುತ್ತಾಳೆ. ಶುಕ್ರವಾರ ಸಂಜೆ ಅಪ್ಪನ ಫೋನ್ ಬಂದರೆ ಶನಿವಾರದ ಟಿಕೆಟ್ ಸಿಗುವುದಿಲ್ಲ ಎನ್ನುವುದು ನಾನು ಕೊಡುವ ಉತ್ತರ. ಬೈಕ್ ಓಡಿಸುವುದು ನನಗಿಷ್ಟ ಎನ್ನುವುದು ನಿಜವಾದ ಉತ್ತರ.

ಆದರೆ ಎರಡು ವರ್ಷದಿಂದ ಒಂದು ತೊಂದರೆ ಶುರುವಾಗಿತ್ತು. ವೆಲ್ಲೂರು, ಆಂಬೂರು ದಾಟಿ ವಾಣಿಯಂಬಾಡಿ ಹತ್ತಿರ ಬರುವಷ್ಟರಲ್ಲಿ, ಅಂದರೆ ಸುಮಾರು 200 ಕಿ.ಮೀ. ಆಗುವ ಹೊತ್ತಿಗೆ, ಬಲಗೈಯ ಕಿರುಬೆರಳು ಮತ್ತು ಉಂಗುರದ ಬೆರಳಿಗೆ ಜೋಮು ಹಿಡಿಯುತ್ತಿತ್ತು. ಮೊದಮೊದಲು ಕೈ ಕೊಡವಿದರೆ ಹೋಗುತ್ತಿತ್ತು. ಆಮೇಲೆ ಗಾಡಿ ನಿಲ್ಲಿಸಿ ಟೀ ಕುಡಿದರೂ ಹೋಗದಂತಾಯಿತು. ಕಳೆದ ವರ್ಷ ಕೃಷ್ಣಗಿರಿ ಟೋಲ್‌ಗೆ ಮುಂಚೆ ಎದುರಿನ ಲಾರಿ ಗಕ್ಕನೆ ನಿಂತಿತು. ಬ್ರೇಕ್ ಲಿವರ್ ಮೇಲೆ ಕೈ ಹೋಯಿತು, ಆದರೆ ಎಷ್ಟು ಒತ್ತುತ್ತಿದ್ದೇನೆ ಎಂಬುದೇ ತಿಳಿಯಲಿಲ್ಲ. ಹಿಂದಿನ ಬ್ರೇಕ್ ಉಳಿಸಿತು. ಲಾರಿಯ ಹಿಂಬದಿಯ ದೀಪಕ್ಕೂ ನನ್ನ ಮುಂದಿನ ಚಕ್ರಕ್ಕೂ ಒಂದು ಗೇಣು ಉಳಿದಿತ್ತು.

ಡಾಕ್ಟರರ ಬಳಿ ಹೋದೆ. ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆ, ಅಲ್ನರ್ ಎಂಬ ನರ ಒಂದು ಇಕ್ಕಟ್ಟಾದ ದಾರಿಯಲ್ಲಿ ಹಾದುಹೋಗುತ್ತದೆ. ಮೈಭಾರವೆಲ್ಲ ಗಂಟೆಗಟ್ಟಲೆ ಆ ಜಾಗದ ಮೇಲೆ ಬಿದ್ದು, ಜೊತೆಗೆ ಎಂಜಿನ್ನಿನ ನಡುಕವೂ ಸೇರಿದರೆ ನರ ಮುನಿಯುತ್ತದೆ. ಸೈಕಲ್ ಸವಾರರಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ವೈದ್ಯರು ಇದಕ್ಕೆ ಹ್ಯಾಂಡಲ್‌ಬಾರ್ ಪಾಲ್ಸಿ ಎಂದೇ ಹೆಸರಿಟ್ಟಿದ್ದಾರೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿದರೆ ಅದು ಬೇರೆ ನರ, ಮಣಿಕಟ್ಟು ಮಡಿಸಿಕೊಂಡು ಹಿಡಿಯುವವರಿಗೆ ಬರುವಂಥದ್ದು. ಇಷ್ಟೆಲ್ಲ ಚೆನ್ನಾಗಿ ವಿವರಿಸಿದ ಡಾಕ್ಟರರು ಕೊನೆಗೆ, "ಬೈಕ್ ಬಿಟ್ಟುಬಿಡಿ, ನಲವತ್ತಾರಾಯಿತಲ್ಲ" ಎಂದರು.

ನನ್ನ ತಕರಾರು ಶುರುವಾಗುವುದು ಇಲ್ಲಿಂದ. ಚಪ್ಪಲಿ ಕಚ್ಚಿದರೆ ನಡೆಯುವುದನ್ನು ಬಿಡಿ ಎಂದು ಯಾರೂ ಹೇಳುವುದಿಲ್ಲ.

ಬೈಕಿನ ಮೇಲೆ ನಮ್ಮ ದೇಹ ಐದು ಕಡೆ ತಾಗುತ್ತದೆ: ಎರಡು ಕೈ, ಎರಡು ಕಾಲು, ಒಂದು ಕುಂಡೆ. ಈ ಐದರ ನಡುವಿನ ಅಳತೆ ಎಲ್ಲರಿಗೂ ಒಂದೇ ಎಂದುಕೊಂಡು ಗಾಡಿ ಕಟ್ಟುತ್ತಾರೆ. ಕಾರಿನಲ್ಲಾದರೆ ಸೀಟು ಹಿಂದೆ ಮುಂದೆ ಹೋಗುತ್ತದೆ, ಎಷ್ಟೋ ಕಾರುಗಳಲ್ಲಿ ಸ್ಟಿಯರಿಂಗ್ ಕೂಡ ಮೇಲೆ ಕೆಳಗೆ ಆಗುತ್ತದೆ. ಎರಡು ಲಕ್ಷ, ಮೂರು ಲಕ್ಷ ಕೊಟ್ಟು ಕೊಂಡ ಟೂರಿಂಗ್ ಬೈಕಿನಲ್ಲಿ ಹ್ಯಾಂಡಲ್ ಇದ್ದಲ್ಲೇ ಇರುತ್ತದೆ. ನಾನು ಐದು ಅಡಿ ಐದು ಅಂಗುಲ, ತೋಳು ಸ್ವಲ್ಪ ಗಿಡ್ಡ. ಹ್ಯಾಂಡಲ್ ಹಿಡಿಯಲು ಮುಂದಕ್ಕೆ ಬಾಗಲೇಬೇಕು, ಬಾಗಿದರೆ ಭಾರ ಅಂಗೈಗೆ. ನಮ್ಮ ಆಫೀಸಿನ ಹುಡುಗಿಯೊಬ್ಬಳು ಇದೇ ಮಾದರಿಯ ಗಾಡಿ ಇಟ್ಟುಕೊಂಡಿದ್ದಾಳೆ, ನನಗಿಂತ ಇನ್ನೂ ನಾಲ್ಕು ಅಂಗುಲ ಕಡಿಮೆ. ಯು-ಟರ್ನ್ ಮಾಡುವಾಗ ದೂರದ ಹಿಡಿ ಕೈಗೆ ಸಿಗಲೆಂದು ಸೀಟಿನಿಂದ ಏಳುತ್ತಾಳೆ. ಅದನ್ನು ನೋಡಿ ನಗುವವರಿದ್ದಾರೆ. ನಗಬೇಕಾದದ್ದು ಅವಳನ್ನು ನೋಡಿಯಲ್ಲ.

ಹ್ಯಾಂಡಲ್ ಎಷ್ಟು ಮುಖ್ಯ ಎಂಬುದು ಕಂಪನಿಗಳಿಗೆ ಗೊತ್ತಿಲ್ಲವೆಂದಲ್ಲ. ರಾಯಲ್ ಎನ್‌ಫೀಲ್ಡ್ 2018ರ ನವೆಂಬರ್‌ನಲ್ಲಿ ಇಂಟರ್‌ಸೆಪ್ಟರ್ ಮತ್ತು ಕಾಂಟಿನೆಂಟಲ್ ಜಿಟಿ ಎಂಬ ಎರಡು 650 ಬೈಕುಗಳನ್ನು ಒಟ್ಟಿಗೇ ಬಿಡುಗಡೆ ಮಾಡಿತು. ಎಂಜಿನ್ ಒಂದೇ, ಚೌಕಟ್ಟೂ ಹೆಚ್ಚುಕಡಿಮೆ ಒಂದೇ. ಇಂಟರ್‌ಸೆಪ್ಟರ್‌ಗೆ ಅಗಲವಾದ ಎತ್ತರದ ಹ್ಯಾಂಡಲ್, ಜಿಟಿಗೆ ತಗ್ಗಿನ ಕ್ಲಿಪ್-ಆನ್. ಟ್ಯಾಂಕು, ಸೀಟು, ಕಾಲಿಡುವ ಜಾಗವೂ ಬೇರೆ ನಿಜ. ಆದರೆ ಎರಡನ್ನೂ ಓಡಿಸಿದವರನ್ನು ಕೇಳಿ ನೋಡಿ, ಮೊದಲು ಹೇಳುವುದು ಹ್ಯಾಂಡಲಿನ ವಿಷಯವನ್ನೇ. ಒಂದರಲ್ಲಿ ಊರು ಸೇರುತ್ತೀರಿ, ಇನ್ನೊಂದರಲ್ಲಿ ಭುಜ ಹಿಡಿದುಕೊಂಡು ಊರು ಸೇರುತ್ತೀರಿ. ಅಥವಾ ಉಲ್ಟಾ. ಅವರವರ ಮೈಗೆ ತಕ್ಕಂತೆ.

ನನ್ನ ದಾರಿಯೇ ಬೈಕ್ ಕಾರ್ಖಾನೆಗಳ ದಾರಿ ಎನ್ನುವುದು ಒಂದು ತಮಾಷೆ. ವಂಡಲೂರಿನಿಂದ ವಾಲಾಜಾಬಾದ್ ರಸ್ತೆ ಹಿಡಿದರೆ ಒರಗಡಂ, ವಲ್ಲಂ ವಡಗಾಲ್ ಸುತ್ತಮುತ್ತ ಎನ್‌ಫೀಲ್ಡ್ ಮತ್ತು ಯಮಹಾ, ಗಡಿ ಬರುವ ಮೊದಲು ಹೊಸೂರಿನಲ್ಲಿ ಟಿವಿಎಸ್. ಕೊನೆಗೆ ಮೈಸೂರಿನ ಯಾದವಗಿರಿಯಲ್ಲಿ, 1996ರಲ್ಲಿ ಬಾಗಿಲು ಹಾಕಿದ ಐಡಿಯಲ್ ಜಾವಾ. ಅಪ್ಪ ಅಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವರು. ಬೆರಳಿನ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಕ್ಲಾಂಪ್ ಬೋಲ್ಟ್ ಸಡಿಲ ಮಾಡಿ ಹ್ಯಾಂಡಲ್ ಒಂಚೂರು ನಿನ್ನ ಕಡೆ ತಿರುಗಿಸಿ ನೋಡಿದ್ಯಾ?" ನೋಡಿರಲಿಲ್ಲ. ಒಂದು ಪೈಸೆ ಖರ್ಚಿಲ್ಲದ ಕೆಲಸ. ಮಾಡಿದೆ. ಜೋಮು ವಾಣಿಯಂಬಾಡಿಯಿಂದ ಕೃಷ್ಣಗಿರಿಗೆ ಮುಂದೂಡಿತು. ಅಷ್ಟೇ, ಆದರೆ ದಾರಿ ಯಾವುದೆಂದು ತಿಳಿಯಿತು.

ಮೊದಲ ಹ್ಯಾಂಡಲ್ ಕೊಂಡಾಗ ನಾನು ಮಾಡಿದ್ದು ಪೂರ್ತಿ ದಡ್ಡತನ. ಜನರಲ್ ಪ್ಯಾಟರ್ಸ್ ರೋಡಿನಲ್ಲಿ ಸಾಲಾಗಿ ತೂಗುಹಾಕಿದ್ದರಲ್ಲಿ ಚೆಂದ ಕಂಡದ್ದನ್ನು ತೆಗೆದುಕೊಂಡೆ. ಹಳೆಯದಕ್ಕಿಂತ ಮೂರು ಅಂಗುಲ ಎತ್ತರ. ಬೆನ್ನು ನೆಟ್ಟಗಾಯಿತು, ಅಂಗೈಯ ಭಾರ ಹೋಯಿತು. ಆದರೆ ಆ ಭಾರ ಎಲ್ಲಿಗಾದರೂ ಹೋಗಬೇಕಲ್ಲ? ಬೆನ್ನುಮೂಳೆಯ ತುದಿಗೆ ಬಂತು. ಗಂಟೆಗೆ 80 ಕಿ.ಮೀ. ದಾಟಿದರೆ ಎದೆಗೆ ಗಾಳಿ ಹೊಡೆದು, ಹಿಂದಕ್ಕೆ ಬೀಳದಿರಲು ಹ್ಯಾಂಡಲನ್ನೇ ಜಗ್ಗಿ ಹಿಡಿಯಬೇಕಾಯಿತು. ಅದಕ್ಕಿಂತ ಕೆಟ್ಟದ್ದು ಮನೆ ಹತ್ತಿರ, ಮೇಡವಾಕ್ಕಂ ಕೂಟುರಸ್ತೆಯ ಬಳಿ ಗಾಡಿ ತಿರುಗಿಸುವಾಗ ಆಯಿತು. ಹ್ಯಾಂಡಲನ್ನು ಪೂರ್ತಿ ತಿರುಗಿಸಿದರೆ ಎಂಜಿನ್ ತಾನಾಗಿ ರೇಸ್ ಆಯಿತು. ಎತ್ತರ ಹೆಚ್ಚಾದದ್ದಕ್ಕೆ ಆಕ್ಸಿಲರೇಟರ್ ಕೇಬಲ್ ಸಾಲದೆ ಬಿಗಿದುಕೊಂಡು, ತಿರುಗಿಸಿದಾಗ ತಾನೇ ಎಳೆಯುತ್ತಿತ್ತು. ತರಕಾರಿ ಗಾಡಿಯವನ ಪುಣ್ಯ, ನನ್ನ ಪುಣ್ಯ.

ಎರಡನೇ ಸಲ ಪುದುಪೇಟೆಯ ಒಬ್ಬ ವಯಸ್ಸಾದ ಮೆಕ್ಯಾನಿಕ್ ಬಳಿ ಹೋದೆ. ಅವರು ಹ್ಯಾಂಡಲ್ ತೋರಿಸಲೇ ಇಲ್ಲ. "ಉಕ್ಕಾರುಂಗ ಸಾರ್" ಎಂದು ಗಾಡಿಯ ಮೇಲೆ ಕೂರಿಸಿದರು. ಕಣ್ಣು ಮುಚ್ಚಿ, ಭುಜ ಸಡಿಲ ಬಿಟ್ಟು, ಕೈಗಳನ್ನು ಸುಮ್ಮನೆ ಮುಂದೆ ಚಾಚಿ ಎಂದರು. ಕಣ್ಣು ಬಿಟ್ಟಾಗ ನನ್ನ ಮುಷ್ಟಿಗಳು ಮೂಲ ಹಿಡಿಗಿಂತ ಒಂದು ಅಂಗುಲ ಮೇಲೆ, ಸುಮಾರು ಎರಡು ಅಂಗುಲ ಹಿಂದೆ ನಿಂತಿದ್ದವು. ಎತ್ತರ ಮುಖ್ಯವಾಗಿರಲೇ ಇಲ್ಲ, ಹತ್ತಿರ ಬರಬೇಕಾಗಿತ್ತು. ಅದಕ್ಕೆ ತಕ್ಕ ಬಾಗು ಇರುವ ಹ್ಯಾಂಡಲ್ ಹಾಕಿದರು. ಕೊಳವೆಯ ದಪ್ಪ ಹಳೆಯದರಷ್ಟೇ, 22 ಮಿ.ಮೀ. ಸ್ವಿಚ್ ಕೂರುವ ತೂತನ್ನು ಸರಿಯಾದ ಜಾಗದಲ್ಲಿ ಕೊರೆದರು, ನಡುಕ ಹೀರುವ ತುದಿಯ ಗುಂಡುಗಳನ್ನು ಹಳೆಯದರಿಂದ ಬಿಚ್ಚಿ ಇದಕ್ಕೆ ಹಾಕಿದರು. ಆಮೇಲೆ ಎಂಜಿನ್ ಶುರುಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡಲನ್ನು ಎಡತುದಿಯಿಂದ ಬಲತುದಿಗೆ ನಾಲ್ಕು ಸಲ ತಿರುಗಿಸಿದರು. ಎಂಜಿನ್ ಸದ್ದು ಬದಲಾಗಬಾರದು, ಬ್ರೇಕಿನ ಕೊಳವೆ ಬಿಗಿಯಬಾರದು, ಹಿಡಿ ಟ್ಯಾಂಕಿಗೆ ತಾಗಿ ಹೆಬ್ಬೆರಳು ಸಿಕ್ಕಿಕೊಳ್ಳಬಾರದು. ಯಾರ ಹತ್ತಿರ ಹಾಕಿಸಿದರೂ ಈ ಪರೀಕ್ಷೆ ಮಾಡದೆ ಅಂಗಡಿಯಿಂದ ಗಾಡಿ ಹೊರಗೆ ತೆಗೆಯಬೇಡಿ. ಒಟ್ಟು ಖರ್ಚು ಮೂರು ಸಾವಿರದೊಳಗೆ. ಈಗ ಹೊಸೂರಿನವರೆಗೂ ಹತ್ತು ಬೆರಳೂ ನನ್ನವೇ.

ಇಷ್ಟಾದ ಮೇಲೆ ಆಫೀಸಿನ ಗೆಳೆಯರೊಬ್ಬರು ತಣ್ಣಗೆ ಕೇಳಿದರು: "ಇದು ಕಾನೂನುಬದ್ಧವಾ?"

ಒಳ್ಳೆಯ ಪ್ರಶ್ನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಮಾಲೀಕ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದು ಹ್ಯಾಂಡಲಿನ ಪ್ರಕರಣವಲ್ಲ. ಅದೇ ವರ್ಷದ ತಿದ್ದುಪಡಿಯಲ್ಲಿ ಸೆಕ್ಷನ್ 182ಎ ಬಂತು: ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ನನ್ನ ಆರ್‌ಸಿ ತೆಗೆದು ನೋಡಿದೆ. ಎಂಜಿನ್ ನಂಬರ್, ಚಾಸಿ ನಂಬರ್, ಬಣ್ಣ, ತೂಕ ಎಲ್ಲ ಇದೆ, ಹ್ಯಾಂಡಲ್ ಎಂಬ ಕಾಲಂ ಇಲ್ಲ. ಹಾಗಾದರೆ ನಾನು ತಪ್ಪು ಮಾಡಿಲ್ಲ ಎಂದು ನನ್ನ ಓದು. ಆದರೆ ನಾನು ವಕೀಲನಲ್ಲ, ರಸ್ತೆಯಲ್ಲಿ ಕೈ ಅಡ್ಡ ಹಿಡಿಯುವ ಪೇದೆಯೂ ವಕೀಲನಲ್ಲ. ಅಪಘಾತವಾದರೆ ವಿಮೆಯವರು ಏನನ್ನುತ್ತಾರೋ ಎಂಬ ಅಳುಕು ಬೇರೆ.

ಕಾನೂನು ಸಡಿಲವಾಗಲಿ ಎಂದು ನಾನು ಹೇಳುತ್ತಿಲ್ಲ. ಬೀದಿ ನಡುಗಿಸುವ ಸೈಲೆನ್ಸರ್‌ಗಳ ಮೇಲೆ ಪೊಲೀಸರು ರೋಡ್ ರೋಲರ್ ಹರಿಸುವ ಚಿತ್ರಗಳನ್ನು ನಮ್ಮ ಪತ್ರಿಕೆಗಳಲ್ಲಿ ನೋಡಿದಾಗಲೆಲ್ಲ ನಾನು ಚಪ್ಪಾಳೆ ಹೊಡೆದಿದ್ದೇನೆ. ಆದರೆ ಬೇರೆಯವರ ಕಿವಿ ಒಡೆಯುವ ಬದಲಾವಣೆಗೂ, ಸವಾರನ ಕೈಯನ್ನು ಬ್ರೇಕಿನ ಮೇಲೆ ಜೀವಂತವಾಗಿ ಇಡುವ ಬದಲಾವಣೆಗೂ ವ್ಯತ್ಯಾಸವಿದೆ. ಜರ್ಮನಿಯಲ್ಲಿ ಅಂಗಡಿಯಲ್ಲಿ ಮಾರುವ ಹ್ಯಾಂಡಲ್‌ಗೆ ಎಬಿಇ ಎಂಬ ಅನುಮೋದನಾ ಪತ್ರ ಇರಬಹುದು, ಯಾವ ಬೈಕಿಗೆ ಹಾಕಬಹುದು ಎಂಬುದು ಅದರಲ್ಲೇ ಬರೆದಿರುತ್ತದೆ. ಪೊಲೀಸರು ಕೇಳಿದರೆ ಪತ್ರ ತೋರಿಸಿದರಾಯಿತು. ಆ ಪತ್ರವಿಲ್ಲದ್ದಾದರೆ ಪರಿಣತರ ತಪಾಸಣೆ ಮಾಡಿಸಿ ದಾಖಲೆಯಲ್ಲಿ ಬರೆಸಬೇಕು. ನಮ್ಮಲ್ಲೂ ಸಾರಿಗೆ ಇಲಾಖೆ ಹ್ಯಾಂಡಲ್, ರೈಸರ್, ಸೀಟು, ಲಿವರ್‌ನಂಥ ನಾಲ್ಕೈದು ಭಾಗಗಳ ಪಟ್ಟಿ ಮಾಡಿ, ಪರೀಕ್ಷೆಯಾದ ಮಾಲಿಗೆ ಮುದ್ರೆ ಒತ್ತಿದರೆ ಸಾಕು. ಪುದುಪೇಟೆಯಲ್ಲಿ ಬೀಳುವ ಕಳಪೆ ಕೊಳವೆಗಳ ವ್ಯಾಪಾರವೂ ಅಷ್ಟರಮಟ್ಟಿಗೆ ನಿಲ್ಲುತ್ತದೆ. ಕಂಪನಿಗಳಂತೂ ಹತ್ತು ಬಣ್ಣದಲ್ಲಿ ಬೈಕ್ ಕೊಡುವ ಬದಲು ಆರು ಬಣ್ಣ, ಎರಡು ಹ್ಯಾಂಡಲ್ ಕೊಟ್ಟರೆ ಇನ್ನೂ ಒಳ್ಳೆಯದು.

ಅಲ್ಲಿಯವರೆಗೆ ಕಂಪನಿಯ ಮೂಲ ಹ್ಯಾಂಡಲ್ ನಮ್ಮ ಮನೆಯ ಅಟ್ಟದ ಮೇಲೆ, ಹಳೇ ಪೇಪರಿನಲ್ಲಿ ಸುತ್ತಿ ಭದ್ರವಾಗಿದೆ. ಹದಿನೈದು ವರ್ಷವಾಗಿ ಆರ್‌ಸಿ ನವೀಕರಣಕ್ಕೆ ಗಾಡಿ ಒಯ್ಯುವ ದಿನ ಅದನ್ನೇ ಹಾಕಿಕೊಂಡು ಹೋಗಬೇಕು. ಆರ್‌ಟಿಒ ಕಚೇರಿ ಮನೆಯಿಂದ ಹತ್ತಿರವೇ ಇದೆ, ಬೆರಳು ಜೋಮು ಹಿಡಿಯುವಷ್ಟು ದೂರವಿಲ್ಲ.