ನರಸಾಪುರದ ಶ್ವಾಸಕೋಶಗಳ ಲೆಕ್ಕ

ಶ್ವಾಸಕೋಶದ ಕ್ಯಾನ್ಸರ್ ಎಂದೊಡನೆ ಬೀಡಿ, ಸಿಗರೇಟಿನ ಮಾತಿನಲ್ಲೇ ಚರ್ಚೆಯನ್ನು ಮುಗಿಸುವುದು ನಮ್ಮಲ್ಲಿ ರೂಢಿ. ತಂಬಾಕು ಈ ರೋಗದ ಮುಖ್ಯ ಕಾರಣವೆಂಬುದು ನಿರ್ವಿವಾದ. ಆದರೆ ಜೀವಮಾನದಲ್ಲಿ ಒಮ್ಮೆಯೂ ಹೊಗೆ ಸೇದದವರಿಗೂ ಇದು ಬರುತ್ತದೆ. ಏಕೆಂಬ ಪ್ರಶ್ನೆಗೆ ಈಚೆಗೆ ದೊರೆತಿರುವ ಉತ್ತರವು ಕೋಲಾರ ತಾಲ್ಲೂಕಿನ ನರಸಾಪುರದಂಥ ಕೈಗಾರಿಕಾ ಪ್ರದೇಶಗಳಿಗೆ ನೇರವಾಗಿ ಸಂಬಂಧಿಸಿದೆ.

ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯ ಚಾರ್ಲ್ಸ್ ಸ್ವಾಂಟನ್ ಮತ್ತು ಸಂಗಡಿಗರು 2023ರ ಏಪ್ರಿಲ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 295 ಮಂದಿಯ ಶ್ವಾಸಕೋಶದ ಆರೋಗ್ಯಕರ ಅಂಗಾಂಶವನ್ನು ಅವರು ಪರಿಶೀಲಿಸಿದ್ದರು. ಕ್ಯಾನ್ಸರಿಗೆ ಕಾರಣವಾಗಬಲ್ಲ ಇಜಿಎಫ್‌ಆರ್ ವಂಶವಾಹಿಯ ರೂಪಾಂತರ ಶೇ 18ರಷ್ಟು ಮಾದರಿಗಳಲ್ಲಿ, ಕೆ-ರಾಸ್ ರೂಪಾಂತರ ಶೇ 53ರಷ್ಟರಲ್ಲಿ ಕಂಡುಬಂತು. ಅಂದರೆ ಕಿಡಿ ಅನೇಕರಲ್ಲಿ ಮೊದಲೇ ಇದೆ. ವಯಸ್ಸಾದಂತೆ ತಾನಾಗಿಯೂ ಹುಟ್ಟಿಕೊಳ್ಳುತ್ತದೆ. ಗಾಳಿಯಲ್ಲಿನ ಸೂಕ್ಷ್ಮ ದೂಳಿನ ಕಣಗಳು ಶ್ವಾಸಕೋಶದಲ್ಲಿ ಉರಿಯೂತವನ್ನುಂಟುಮಾಡಿ, ಮಲಗಿದ್ದ ಆ ಜೀವಕೋಶಗಳನ್ನು ಎಬ್ಬಿಸುತ್ತವೆ. ರೂಪಾಂತರವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲದಿರಬಹುದು, ದೂಳನ್ನು ತಡೆಯುವುದು ಖಂಡಿತ ಇದೆ.

ದೂಳಿನ ಪಾಠ ಕೋಲಾರಕ್ಕೆ ಹೊಸದಲ್ಲ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದೇ ಇಲ್ಲಿನ ಚಿನ್ನದ ಗಣಿಗಳಿಂದ, 1934ರಲ್ಲಿ. 1940ರಿಂದ 1946ರ ನಡುವೆ 7,653 ಗಣಿ ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ 43.7ರಷ್ಟು ಜನರಲ್ಲಿ ಆ ರೋಗವಿತ್ತು. ಅದೇ ಸಿಲಿಕಾ ದೂಳು ಶ್ವಾಸಕೋಶದ ಕ್ಯಾನ್ಸರಿಗೂ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಸಾರಿತು. ನಾಲ್ಕು ವರ್ಷಗಳಲ್ಲಿ ಗಣಿಗಳೇ ಮುಚ್ಚಿದವು.

ಇಂದು ಜಿಲ್ಲೆಯ ದುಡಿಮೆ ಗಣಿಯಿಂದ ನರಸಾಪುರಕ್ಕೆ ಸರಿದಿದೆ. 2013ರಲ್ಲಿ ಹೋಂಡಾ ಬಂತು. ಐಫೋನ್ ಜೋಡಿಸುವ ವಿಸ್ಟ್ರಾನ್ ಘಟಕವನ್ನು 2023ರಲ್ಲಿ ಟಾಟಾ ಕೊಂಡಿತು. ಈ ಕಾರ್ಖಾನೆಗಳು ರೋಗ ಹರಡುತ್ತಿವೆ ಎಂಬುದು ನನ್ನ ವಾದವಲ್ಲ. ಹೆದ್ದಾರಿಯ ಡೀಸೆಲ್ ಹೊಗೆ, ಸುತ್ತಲಿನ ಜಲ್ಲಿ ಕ್ರಷರ್‌ಗಳ ದೂಳು ಸೇರಿದ ಗಾಳಿಯನ್ನು ಉಸಿರಾಡುವ ಸಾವಿರಾರು ಯುವಕ ಯುವತಿಯರ ಶ್ವಾಸಕೋಶಗಳು ಇಂದು ಹೇಗಿವೆ ಎಂದು ಬರೆದಿಡದಿದ್ದರೆ, ಇಪ್ಪತ್ತು ವರ್ಷಗಳ ನಂತರ ಯಾರು ಏನನ್ನೂ ಸಾಬೀತುಪಡಿಸಲಾರರು.

ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿ ನಡೆದಿದೆ. ಅಮೂಲ್ಯವಾದ ಕೆಲಸ. ಆದರೆ ಆ ಜನಸಂಖ್ಯಾ ಲೆಕ್ಕ ಬೆಂಗಳೂರು ನಗರದ ನಿವಾಸಿಗಳದ್ದು. ಅದೂ ರೋಗ ಬಂದ ಮೇಲಿನದು. ನಮಗೆ ಬೇಕಿರುವುದು ರೋಗಕ್ಕೆ ಮುಂಚಿನ ದಾಖಲೆ. ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜು ಹತ್ತಿರದಲ್ಲೇ ಇದೆ. ಕೆಲಸಕ್ಕೆ ಸೇರುವಾಗಿನ ಉಸಿರಾಟದ ಪರೀಕ್ಷೆ, ಕೆಲಸದ ಚರಿತ್ರೆ, ಒಂದಿಷ್ಟು ರಕ್ತದ ಮಾದರಿ ಅಲ್ಲಿ ಭದ್ರವಾಗಿರಲಿ, ಮಾಲೀಕರ ಬಳಿ ಬೇಡ. ಪರೀಕ್ಷೆಯ ಫಲಿತಾಂಶ ಕೆಲಸ ಕಳೆಯುವುದಾದರೆ ಯಾವ ಕಾರ್ಮಿಕ ತಾನೇ ಬಂದಾನು?

ಇಂಥ ದಾಖಲೆಯನ್ನು ಓದಿ ಅರ್ಥೈಸಬೇಕಾದವರು ಪಿಎಚ್‌.ಡಿ. ಮುಗಿಸಿದ ಯುವ ಸಂಶೋಧಕರು. ಬ್ರಿಟನ್ನಿನಲ್ಲಿ 2014ರಲ್ಲಿ ಆರಂಭವಾದ ‘ಟ್ರೇಸರ್‌ಎಕ್ಸ್’ ಯೋಜನೆ ಒಂದೇ ಗೆಡ್ಡೆಯ ಹಲವು ಭಾಗಗಳನ್ನು ಪರೀಕ್ಷಿಸಿ, ಕ್ಯಾನ್ಸರ್ ಮರದಂತೆ ಹೇಗೆ ಕವಲೊಡೆಯುತ್ತದೆಂದು ತೋರಿಸಿತು. 421 ರೋಗಿಗಳ ಫಲಿತಾಂಶ ಹೊರಬಂದದ್ದು 2023ರಲ್ಲಿ. ನಮ್ಮಲ್ಲಿ ಅಂಥ ಸಂಶೋಧಕರನ್ನು ಎರಡು ಮೂರು ವರ್ಷಕ್ಕೆ ನೇಮಿಸಿ, ಅನುದಾನ ಮುಗಿದೊಡನೆ ಬೀಳ್ಕೊಡುತ್ತೇವೆ. ಕೈಗಾರಿಕೆಗಳಿಗೆ ಭೂಮಿ, ನೀರು, ರಿಯಾಯಿತಿ ನೀಡುವಾಗ ಹತ್ತಾರು ವರ್ಷಗಳ ಮುನ್ನೋಟ ಹಾಕುವ ರಾಜ್ಯ ಸರ್ಕಾರ, ಈ ಅಧ್ಯಯನಕ್ಕೂ ಕನಿಷ್ಠ ಹತ್ತು ವರ್ಷದ ಹಣವನ್ನು ಒಮ್ಮೆಗೇ ತೆಗೆದಿರಿಸಲಿ.